ಘಾಟಿ ಹತ್ತುವ ಮುಂಚೆ ಮಣಿಕಟ್ಟು ನೋಡು

ಬಾವಿಗೆ ಮೋಟಾರು ಬಿದ್ದರೆ ಏನು ಮಾಡಬೇಕು? ವೈದ್ಯನಾಥಪುರದ ಸುತ್ತಮುತ್ತ ಯಾರನ್ನು ಕೇಳಿದರೂ ಒಂದೇ ಉತ್ತರ: "ಕರಿಯಯ್ಯನ್ನ ಕರೀರಿ."

ಹಗ್ಗ ಹರಿದು ಮುಳುಗಿದ ಮೋಟಾರಿರಲಿ, ಕೈಜಾರಿದ ತಾಮ್ರದ ಕೊಡವಿರಲಿ, ಶಿಂಷಾ ಹೊಳೆಯಲ್ಲಿ ಕಳಚಿಬಿದ್ದ ಕತ್ತಿನ ಸರವಿರಲಿ, ಕರಿಯಯ್ಯ ಬೀಡಿ ಆರಿಸಿ, ಅಂಗಿ ಬಿಚ್ಚಿ, ಎದೆ ತುಂಬ ಒಂದೇ ಉಸಿರೆಳೆದು ಇಳಿದನೆಂದರೆ ಬರಿಗೈಯಲ್ಲಿ ಮೇಲೆ ಬಂದವನಲ್ಲ. ಆಳ ಎಷ್ಟಿದೆ ಎಂದು ಕೇಳಿದವರಿಗೆ ಕಿವಿ ಮುಟ್ಟಿ ತೋರಿಸುತ್ತಿದ್ದ.

"ಇದು ಏಳ್ತದೆ ಕಣ್ಲಾ. ಗುಂಯ್ ಅಂದ್ರೆ ಎರಡಾಳು. ಚುಳ್ ಅಂದ್ರೆ ಮೂರಾಳು. ಇನ್ಯಾವ ಮೀಟ್ರು ಬೇಕು?"

ಈ ಕರಿಯಯ್ಯನ ಅಣ್ಣನ ಮಗಳು ಹೇಮಶ್ರೀ. ಅಪ್ಪ ಅಮ್ಮ ಇಬ್ಬರೂ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಸಾಕಿದವರು ಅಜ್ಜಿ ದೊಡ್ಡತಾಯಮ್ಮ ಮತ್ತು ಈ ಚಿಕ್ಕಪ್ಪ. ಸೊಂಟಕ್ಕೆ ಸೋರೆಬುರುಡೆ ಕಟ್ಟಿ, ಬಾವಿಗೆ ನೂಕಿ ಈಜು ಕಲಿಸಿದವನೂ ಅವನೇ. ಈಗ ಅವಳಿಗೆ ಇಪ್ಪತ್ತೇಳು ವರ್ಷ. ನಾಲೆ ಏರಿಯ ಮೇಲಿನ ಒಂಟಿ ಕೋಣೆಯೊಂದರಲ್ಲಿ ಅವಳ ಕೆಲಸ. ದಿನಕ್ಕೆ ಮೂರು ಸಲ ಅಳತೆಗೋಲು ನೋಡಿ, ನಾಲೆಯಲ್ಲಿ ನೀರು ಎಷ್ಟಡಿ ಇದೆ ಎಂದು ಬರೆದು, ಮೇಲಿನವರಿಗೆ ಫೋನಿನಲ್ಲಿ ತಿಳಿಸಬೇಕು.

"ಮೂರು ಅಡಿ ನಾಲ್ಕು ಅಂಗುಲ ಸಾರ್."

"ಸರಿ."

ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಆಡಿದ ಮಾತು ಅಷ್ಟೇ ಆಗಿರುತ್ತಿತ್ತು. ಅವಳಿಗೆ ಮಾತು ಬರುವುದಿಲ್ಲವೆಂದಲ್ಲ. ಮನಸ್ಸಿನಲ್ಲಿ ಜೋಡಿಸಿಕೊಂಡ ಮಾತು ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು. ಮದುವೆ ಮನೆಗಳಲ್ಲಿ ಅವಳು ಹೆಚ್ಚಾಗಿ ಚಪ್ಪಲಿ ಕಾಯುವ ಮೂಲೆಯಲ್ಲೇ ಸಿಗುತ್ತಿದ್ದಳು.

ಹೀಗಿದ್ದ ಹುಡುಗಿ ಎರಡು ವರ್ಷದ ಹಿಂದೆ ಮುರುಡೇಶ್ವರಕ್ಕೆ ಹೋದಾಗ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲೊಳಗೆ ಇಳಿಯುವ ಸ್ಕೂಬಾ ಕಲಿಸುತ್ತಾರೆಂಬ ಬೋರ್ಡು ಕಂಡಳು. ಮೂರು ಸಲ ಆ ಬೋರ್ಡಿನ ಮುಂದೆ ಹಾದು, ನಾಲ್ಕನೆಯ ಸಲ ಒಳಗೆ ಹೋಗಿ ಹೆಸರು ಕೊಟ್ಟಳು. ನೇತ್ರಾಣಿ ದ್ವೀಪದ ಪಕ್ಕದ ನೀಲಿ ನೀರಿನಲ್ಲಿ ಇಳಿದ ಮೊದಲ ದಿನವೇ ಅವಳಿಗೊಂದು ವಿಷಯ ತಿಳಿದುಹೋಯಿತು. ಅಲ್ಲಿ ಮಾತಾಡುವಂತೆಯೇ ಇಲ್ಲ. ಬಾಯಲ್ಲಿ ಗಾಳಿಯ ಕೊಳವೆ. ಸರಿಯಿದ್ದೀಯಾ, ನಿಲ್ಲು, ಮೇಲೆ ಹೋಗೋಣ ಎಂಬುದೆಲ್ಲ ಬೆರಳಿನಲ್ಲೇ. ಅಲ್ಲಿ ಎಲ್ಲರೂ ಹೇಮಶ್ರೀಯಂಥವರೇ.

ಅದೇ ತರಬೇತಿಯಲ್ಲಿ ಅವಳಿಗೆ ಜೋಡಿಯಾಗಿ ಸಿಕ್ಕವಳು ಗಗನ. ಮಳವಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಹೇಮಶ್ರೀಗಿಂತ ನಾಲ್ಕು ವರ್ಷ ದೊಡ್ಡವಳು, ನಾಲ್ಕು ಜನರಷ್ಟು ಮಾತುಗಾತಿ. ಅಪಾಯದಲ್ಲಿರುವವರನ್ನು ನೀರಿನಿಂದ ಕಾಪಾಡುವ ತರಬೇತಿಯನ್ನೂ ಆಮೇಲೆ ಮುಗಿಸಿದ್ದಳು.

ಕಳೆದ ಜನವರಿಯಲ್ಲಿ ಗಗನಳಿಗೆ ರಜೆ ಸಿಗಲಿಲ್ಲ. ಹೇಮಶ್ರೀ ಒಬ್ಬಳೇ ಹೋದಳು. ದೋಣಿಯಲ್ಲಿದ್ದವರೆಲ್ಲ ಗುಂಪು ಗುಂಪಾಗಿ ಬಂದವರು. "ಒಂದ್ನಿಮಿಷ ಪಕ್ಕಕ್ಕೆ ಬರ್ತೀರಾ, ಫೋಟೊ ತಗೋಬೇಕು," ಎಂಬುದೊಂದೇ ಅವಳಿಗೆ ಸಿಕ್ಕ ಮಾತು. ನೀರಿನ ಆಳವನ್ನೂ ಸಮಯವನ್ನೂ ಲೆಕ್ಕವಿಟ್ಟು ಎಚ್ಚರಿಸುವ ಡೈವ್ ಕಂಪ್ಯೂಟರ್ ಎಂಬ ಕೈಗಡಿಯಾರ ಅಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಆದರೆ ಅದನ್ನು ಕೇಳಬೇಕೆಂದರೆ ನಗುತ್ತ ನಿಂತಿದ್ದ ಹತ್ತು ಜನರ ನಡುವೆ ನುಗ್ಗಬೇಕಿತ್ತು. ಅವಳು ನುಗ್ಗಲಿಲ್ಲ. ಮುಂದೆ ಹೋಗುವ ಮಾರ್ಗದರ್ಶಿಯ ಕೈಯಲ್ಲೊಂದು ಇದೆಯಲ್ಲ, ಸಾಕು ಎಂದುಕೊಂಡಳು.

ಎರಡು ಸಲ ಇಳಿದಳು. ಒಂದು ಆಮೆಯ ಹಿಂದೆ ಮಾರ್ಗದರ್ಶಿಗಿಂತ ಎಷ್ಟೋ ಕೆಳಗೆ ಹೋದಳು. ಎಷ್ಟು ಕೆಳಗೆ, ಎಷ್ಟು ಹೊತ್ತು ಎಂಬುದು ಅವಳಿಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ನಾಲೆಯ ಅಳತೆ ಬರೆಯಬೇಕಿತ್ತು. ದಡಕ್ಕೆ ಬಂದವಳೇ ಬಟ್ಟೆ ಬದಲಾಯಿಸಿ, ಹೊನ್ನಾವರದಿಂದ ಘಾಟಿ ಹತ್ತುವ ಬಸ್ಸು ಹಿಡಿದಳು.

ಘಾಟಿಯ ತಿರುವುಗಳಲ್ಲಿ ಎಡ ಮೊಣಕೈಯ ಒಳಗೆ ಏನೋ ಕೊರೆಯತೊಡಗಿತು. ಮೇಲಿನಿಂದ ಒತ್ತಿದರೆ ಏನೂ ಇಲ್ಲ, ನೋವೆಲ್ಲ ಕೀಲಿನ ಒಳಗೆ. ಬೆರಳ ತುದಿಗಳು ಜುಮ್ಮೆಂದವು. ಪಕ್ಕದ ಸೀಟಿನ ಹೆಂಗಸು ನಿದ್ದೆ ಹೋಗಿದ್ದಳು. ಹೇಮಶ್ರೀ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮದ್ದೂರಿನವರೆಗೆ ಹಾಗೇ ಕುಳಿತಳು.

"ಬ್ಯಾಗು ಎಳ್ದಾಡಿರ್ತೀಯ," ಎಂದು ಅಜ್ಜಿ ಹರಳೆಣ್ಣೆ ತಿಕ್ಕಿದಳು.

"ಹೂಂ ಅಜ್ಜಿ."

ಮೂರು ದಿನಕ್ಕೆ ನೋವು ಹೋಯಿತು. ಭಯ ಹೋಗಲಿಲ್ಲ. ಅದು ಬ್ಯಾಗಿನ ನೋವಲ್ಲವೆಂದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಹೇಳಿದರೆ ಕಡಲು ತಪ್ಪಿಹೋಗುತ್ತದೆ. ಹೇಳದಿದ್ದರೆ ಮುಂದಿನ ಸಲ ಏನಾಗುತ್ತದೋ? ಒಂಬತ್ತು ತಿಂಗಳು ಅವಳು ಈ ಎರಡರ ನಡುವೆ ಒಬ್ಬಳೇ ಕುಳಿತಿದ್ದಳು.

ಅಕ್ಟೋಬರಿನಲ್ಲಿ ಗಗನ ಫೋನು ಮಾಡಿದಳು. "ಮುಂದಿನ್ ತಿಂಗ್ಳು ಹೋಗೋಣ ಕಣೇ. ಈ ಸಲ ನಿನ್ನದೇ ಡೈವ್ ಕಂಪ್ಯೂಟರ್ ತಗೊಂಡುಬಿಡು. ಭಾನುವಾರ ನಿಮ್ಮೂರಿಗೆ ಬರ್ತೀನಿ, ಯಾವುದು ತಗೋಬೇಕು ಅಂತ ಕೂತು ನೋಡೋಣ."

ಊಟಕ್ಕೆ ಕೂತಾಗ ಹೇಮಶ್ರೀ ಮೆಲ್ಲಗೆ ವಿಷಯ ತೆಗೆದಳು. "ನೀರೊಳಗೆ ಕಟ್ಕೊಳೋ ಗಡಿಯಾರ ಒಂದು ಬೇಕಾಗದೆ ಚಿಕ್ಕಪ್ಪ."

ಕರಿಯಯ್ಯ ಮುದ್ದೆ ನುಂಗಿ ಎದ್ದು ಕೈತೊಳೆದ. ಮೂರನೆಯ ದಿನ ಬಾವಿ ಕಡೆಯಿಂದ ಬಂದವನೇ ಅವಳ ಅಂಗೈಯಲ್ಲಿ ಹೊಸದೊಂದು ಕೈಗಡಿಯಾರ ಇಟ್ಟ.

"ತಕೋ ಮಗ. ಐವತ್ತು ಮೀಟ್ರು ನೀರಿಗೂ ಜಗ್ಗಲ್ಲ ಅಂತ ಮದ್ದೂರು ಅಂಗ್ಡಿಯೋನು ಏಳ್ದ. ಅವ್ನ ಮಾತ್ನ ನಾನ್ಯಾಕ್ ನಂಬ್ಲಿ? ಮೊನ್ನೆನೇ ತಂದಿದ್ದೆ. ದಾರ ಕಟ್ಟಿ ನಮ್ ಬಾವೀಲಿ ಎರಡು ದಿನ ಬುಟ್ಟಿದ್ದೆ. ಕಿವಿಗ್ ಇಟ್ಕೊಂಡ್ ನೋಡು. ಟಿಕ್ ಟಿಕ್ ಅಂತಾನೇ ಅದೆ."

ಹೇಮಶ್ರೀ ಕಿವಿಗೆ ಇಟ್ಟುಕೊಂಡಳು. ಇದಕ್ಕೆ ಸಮಯ ಬಿಟ್ಟರೆ ಬೇರೇನೂ ತಿಳಿಯದು ಎಂದು ಅವಳಿಗೆ ಗೊತ್ತಿತ್ತು. ಚಿಕ್ಕಪ್ಪನ ಮುಖ ನೋಡಿದಳು. ಅವಳ ಬಿ.ಎ. ಫಲಿತಾಂಶ ಬಂದ ದಿನ ಇದ್ದಂಥದೇ ಮುಖ.

"ಸಂದಾಗದೆ ಚಿಕ್ಕಪ್ಪ."

ಇದನ್ನೇ ಕಟ್ಟಿಕೊಂಡು ಇಳಿಯುವುದು, ಗಗನಕ್ಕನಿಗೆ ಏನಾದರೊಂದು ಸಬೂಬು ಹೇಳುವುದು ಎಂದು ಅವಳು ಆ ಸಂಜೆಯೇ ತೀರ್ಮಾನಿಸಿಬಿಟ್ಟಳು. ಒಬ್ಬರ ಮನಸ್ಸು ನೋಯಿಸುವುದಕ್ಕಿಂತ ಅದೇ ಸುಲಭ ಅನ್ನಿಸಿತು ಅವಳಿಗೆ.

ಭಾನುವಾರ ಗಗನ ಬಂದಳು. ಬ್ಯಾಗಿನಲ್ಲಿ ಎರಡು ಡೈವ್ ಕಂಪ್ಯೂಟರುಗಳಿದ್ದವು. ಒಂದು ಅವಳದು. ಇನ್ನೊಂದು ನೋಡಲೆಂದು ಸ್ನೇಹಿತೆಯಿಂದ ಕೇಳಿ ತಂದದ್ದು. ಅವು ಜಗಲಿಯ ಮೇಲೆ ಇಳಿಯುವ ಮೊದಲೇ ಕರಿಯಯ್ಯ ಎದೆಯುಬ್ಬಿಸಿ ಹೇಳಿದ:

"ನಿಮ್ ಕಂಪೂಟ್ರು ಅಂಗೇ ಇರ್ಲಿ ಕಣವ್ವ. ನಮ್ ಉಡ್ಗಿಗೆ ನಾನ್ ತಂದ್ಕೊಟ್ಟಾಯ್ತು."

ಗಗನ ಆ ಗಡಿಯಾರವನ್ನು ತಿರುಗಿಸಿ ನೋಡಿದಳು. ಹೇಮಶ್ರೀಯನ್ನು ನೋಡಿದಳು. ಹೇಮಶ್ರೀ ನೆಲ ನೋಡುತ್ತಿದ್ದಳು.

"ಚೆನ್ನಾಗಿದೆ ಚಿಕ್ಕಪ್ಪ. ಆದ್ರೆ ಇದು ಎಷ್ಟು ಆಳದಲ್ಲಿ ಇದ್ದೀವಿ ಅಂತ ಹೇಳುತ್ತಾ?"

"ಆಳ ಏಳಾಕೆ ಕಿವಿ ಇಲ್ವಾ?"

"ನಿಮ್ ಕಿವಿ ನಿಮಗೆ ಹೇಳುತ್ತೆ. ಎಲ್ಲಿ, ನಿಮ್ ಬಾವಿ ಎಷ್ಟಾಳು?"

"ಈಗ ನೀರು ಐದಾಳು. ಹಗ್ಗದಲ್ಲಿ ಗಂಟು ಆಕಿದ್ದೀನಿ. ಆಳಿಗೆ ಐದೂವರೆ ಅಡಿ."

"ಹಂಗಾದ್ರೆ ನಿಮ್ ಗಡಿಯಾರಕ್ಕೆ ಮಾಡಿದ ಪರೀಕ್ಷೆನೇ ನನ್ನದಕ್ಕೂ ಮಾಡಿ. ಕಟ್ಟಿ, ಬಿಡಿ."

ಕರಿಯಯ್ಯನಿಗೆ ಬೇಕಾದದ್ದೂ ಅದೇ. ಗಗನಳ ಡೈವ್ ಕಂಪ್ಯೂಟರನ್ನು ಕಲ್ಲಿನ ಜೊತೆ ಹಗ್ಗದ ತುದಿಗೆ ಬಿಗಿದು, ಗಂಟು ಎಣಿಸುತ್ತ ತಳ ಮುಟ್ಟುವವರೆಗೆ ಇಳಿಬಿಟ್ಟ. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಕೊಡ ಎಳೆಯುವ ಹಾಗೆ ಸರಸರನೆ ಎಳೆದುಕೊಂಡ. ನೀರಿನಿಂದ ಮೇಲೆ ಬರುತ್ತಿದ್ದಂತೆ ಅದು ಪೀಂ ಪೀಂ ಎಂದು ಕೂಗುತ್ತಿತ್ತು.

"ಅಯ್, ಇದೇನವ್ವ ಕಿರುಚ್ಕತದೆ?"

ಗಗನ ಗುಂಡಿ ಒತ್ತಿ ತೋರಿಸಿದಳು. "ನೋಡಿ, ಎಂಟು ಮೀಟರ್ ನಾಲ್ಕು. ನಿಮ್ಮ ಐದಾಳು ಅಂದ್ರೆ ಇಪ್ಪತ್ತೇಳೂವರೆ ಅಡಿ. ಎರಡೂ ಒಂದೇ."

ಕರಿಯಯ್ಯ ಕಣ್ಣು ಕಿರಿದು ಮಾಡಿ ನೋಡಿದ. ಗಂಟುಗಳನ್ನು ಮತ್ತೊಮ್ಮೆ ಎಣಿಸಿದ. "ಸುಳ್ಳೇಳಾಕಿಲ್ಲ ಬುಡು. ಆದ್ರೆ ಕಿರುಚಿದ್ಯಾಕೆ?"

"ನೀವು ಬೇಗ ಎಳೆದ್ರಿ ಅಂತ. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಜೋರಾಗಿ ಮೇಲೆ ಬಂದ್ರೆ ಇದು ಬೈಯುತ್ತೆ. ಬೈದಿದ್ದನ್ನ ಬರೆದೂ ಇಟ್ಕೊಳುತ್ತೆ."

"ಅಯ್ ಇದ್ರ ಮನೆ ಕಾಯ್ವಾಗ! ಚಾಡಿ ಬೇರೆ ಏಳ್ತದಾ?"

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡತಾಯಮ್ಮ ಬೊಚ್ಚುಬಾಯಲ್ಲಿ ನಕ್ಕಳು. "ನಿಮ್ಮವ್ವನಂಗೇ ಅದೆ ಕಣ್ಲಾ."

"ನಾನು ನಲವತ್ತು ವರ್ಸದಿಂದ ಬಾಣದಂಗೆ ಮೇಲಕ್ಕೆ ಬತ್ತಾ ಇವ್ನಿ. ನಂಗೇನಾಗದೆ?" ಎಂದ ಕರಿಯಯ್ಯ.

"ನಿಮಗೆ ಆಗಲ್ಲ. ಯಾಕಂದ್ರೆ ನೀವು ಮೇಲಿನ ಗಾಳಿ ಒಂದು ಉಸಿರು ತುಂಬಿಕೊಂಡು ಹೋಗಿ ನಿಮಿಷದಲ್ಲಿ ವಾಪಸ್ ಬರ್ತೀರ. ನಾವು ಕೆಳಗೆ ಮುಕ್ಕಾಲು ಗಂಟೆ ಇರ್ತೀವಿ. ಅಲ್ಲೇ ಸಿಲಿಂಡರಿನ ಗಾಳಿ ಉಸಿರಾಡ್ತೀವಿ. ನೀರಿನ ಒತ್ತಡಕ್ಕೆ ಆ ಗಾಳಿಯಲ್ಲಿರೋ ಸಾರಜನಕ ರಕ್ತದಲ್ಲಿ, ಕೀಲಿನಲ್ಲಿ ಕರಗಿ ಕೂತ್ಕೊಳುತ್ತೆ. ಗೋಲಿ ಸೋಡ ಕುಡಿದಿದ್ದೀರಲ್ಲ?"

"ಕುಡೀದೆ ಏನು?"

"ಗೋಲಿ ಪಟ್ ಅಂತ ಒತ್ತಿದ್ರೆ?"

"ಉಕ್ಕಿ ಕೈಯೆಲ್ಲ ಅಂಟಂಟು."

"ಮೆಲ್ಲಗೆ ಒತ್ತಿದ್ರೆ?"

"ಉಸ್ಸ್ ಅಂತ ಗಾಳಿ ಓಗಿ ಸುಮ್ಕಾಯ್ತದೆ."

"ನಮ್ಮ ಮೈಯೂ ಆ ಬಾಟ್ಲಿನೇ. ನಿಧಾನಕ್ಕೆ ಬಂದ್ರೆ ಆ ಗಾಳಿ ಉಸಿರಿನಲ್ಲೇ ಹೊರಟುಹೋಗುತ್ತೆ. ಬೇಗ ಬಂದ್ರೆ ಒಳಗೇ ಗುಳ್ಳೆ ಏಳುತ್ತೆ. ಕೀಲಿನಲ್ಲಿ ಎದ್ರೆ ನೋವು. ಬೆನ್ನುಹುರಿಯಲ್ಲಿ ಎದ್ರೆ ಕಾಲು ಹೋದ್ರೂ ಹೋಯ್ತು. ನಿಮ್ಮ ಗಡಿಯಾರ ತನ್ನೊಳಗೆ ನೀರು ಬಿಟ್ಕೊಳಲ್ಲ, ಒಪ್ಪಿದೆ. ಇವಳ ಮೈಯೊಳಗೆ ಎಷ್ಟು ಗಾಳಿ ಕರಗಿದೆ ಅಂತ ಲೆಕ್ಕ ಇಡೋದು ಯಾರು? ಇದು ಇಡುತ್ತೆ. ಈ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಅಂತ ಹೇಳುತ್ತೆ. ಮೇಲೆ ಬರೋವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲು ಅಂತ ನಿಲ್ಲಿಸಿ ಎಣಿಸುತ್ತೆ."

ಕರಿಯಯ್ಯ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. ಆಗ ಅವನ ಕಣ್ಣಿಗೆ ಪರದೆಯ ಮೂಲೆಯಲ್ಲಿ ಸಣ್ಣದೊಂದು ಚಿತ್ರ ಬಿತ್ತು.

"ಇದೇನು, ಇಮಾನ? ಬಾವೀಲಿ ಇಮಾನ ಎಲ್ಲಿಂದ ಬಂತು?"

"ಈಗ ಇದು ನಾನೇ ಬಾವಿಗೆ ಇಳಿದಿದ್ದೆ ಅಂದ್ಕೊಂಡಿದೆ," ಗಗನ ನಕ್ಕಳು. "ಅದಕ್ಕೇ ಚಿಕ್ಕಪ್ಪ, ಔಷಧಿ ಹೊಡೆಯೋ ಸ್ಪ್ರೇಯರ್ ಒಂದೇ ನಾಲ್ಕು ಮನೆಗೆ ಓಡಾಡೋ ಹಾಗೆ ಇದು ಓಡಾಡಬಾರದು. ಬೆಳಿಗ್ಗೆ ನಾನು ಕಟ್ಕೊಂಡು ಇಳಿದು, ಮಧ್ಯಾಹ್ನ ಇವಳಿಗೆ ಕೊಟ್ರೆ, ಅದು ನನ್ನ ಮೈಯ ಲೆಕ್ಕವನ್ನ ಇವಳಿಗೆ ಹೇಳುತ್ತೆ. ಒಬ್ಬರಿಗೆ ಒಂದು. ಆ ವಿಮಾನ ಇದೆಯಲ್ಲ, ಅದು ಹೋಗೋ ತನಕ ಎತ್ತರಕ್ಕೆ ಹೋಗಬೇಡ ಅಂತ ಅರ್ಥ. ಮೇಲೆ ಹೋದಷ್ಟೂ ಸುತ್ತಲಿನ ಒತ್ತಡ ಕಮ್ಮಿ. ಉಳಿದ ಗಾಳಿಗೆ ಅಲ್ಲಿ ಮತ್ತೆ ಗುಳ್ಳೆ ಏಳುತ್ತೆ."

"ನಾವೇನ್ ಇಮಾನದಲ್ಲಿ ಬತ್ತೀವಾ? ಬಸ್ಸಲ್ಲಿ ಬರಾದು."

"ಬಸ್ಸು ಎಲ್ಲಿಗೆ ಬರುತ್ತೆ?"

"ಮದ್ದೂರಿಗೆ."

"ಮದ್ದೂರು ಎತ್ತರದಲ್ಲಿದೆ ಚಿಕ್ಕಪ್ಪ."

ಕರಿಯಯ್ಯ ಹೊಟ್ಟೆ ಹಿಡಿದು ನಕ್ಕ. "ಮದ್ದೂರು ಎತ್ರವಾ! ಅವ್ವ, ಕೇಳಿಸ್ಕಂಡ್ಯಾ? ಮದ್ದೂರು ಗುಂಡಿ ಕಣಮ್ಮ ಗುಂಡಿ. ಕಬ್ಬು ಭತ್ತ ಬೆಳೆಯೋ ಬಯ್ಲು. ಬೆಟ್ಟ ಎಲ್ಲದೆ ತೋರ್ಸು?"

"ಮುರುಡೇಶ್ವರಕ್ಕೆ ಹೋಗೋವಾಗ ಘಾಟಿ ಇಳಿತೀವಲ್ಲ. ಬರೋವಾಗ ಹತ್ತುತೀವಿ. ಹತ್ತಿದ ಮೇಲೆ ಮತ್ತೆ ಇಳಿದದ್ದು ನೆನಪಿದೆಯಾ ನಿಮಗೆ?"

ನಗು ಅರ್ಧಕ್ಕೆ ನಿಂತಿತು.

"ಇಳಿಯಲ್ಲ. ನಾವಿರೋದೇ ಘಾಟಿಯ ತಲೆ ಮೇಲೆ. ಈ ನಿಮ್ಮ ಗದ್ದೆ ಬಯಲು ಕಡಲಿಗಿಂತ ಆರುನೂರು ಮೀಟರಿಗೂ ಮೇಲಿದೆ. ಸುತ್ತ ಎಲ್ಲ ಸಮ ಇರೋದ್ರಿಂದ ನಮಗೆ ಗೊತ್ತಾಗಲ್ಲ ಅಷ್ಟೇ. ವಿಮಾನ ಹತ್ತೋರಿಗೆ ಒಂದು ಸಲ ಇಳಿದಿದ್ರೆ ಹನ್ನೆರಡು ಗಂಟೆ, ಮತ್ತೆ ಮತ್ತೆ ಇಳಿದಿದ್ರೆ ಹದಿನೆಂಟು ಗಂಟೆಯಾದ್ರೂ ಕಾಯಿ ಅಂತಾರೆ. ಘಾಟಿ ಹತ್ತೋರೂ ಹಾಗೇ ಕಾಯೋದು ಕ್ಷೇಮ. ಕಡಲಿಂದ ಎದ್ದು ನೇರ ಘಾಟಿ ಬಸ್ ಹಿಡಿದವರು…"

"ನನ್ ಮೊಣಕೈ," ಎಂದಳು ಹೇಮಶ್ರೀ.

ಎಲ್ಲರೂ ಅವಳತ್ತ ತಿರುಗಿದರು. ಈ ಸಲ ಯಾರೂ ಎದ್ದು ಹೋಗಲಿಲ್ಲ.

"ಜನವರಿಲಿ. ಎರಡು ಸಲ ಇಳಿದಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ಮೂರು ಗಂಟೆ ಬಸ್ಸಿಗೆ ಹೊರಟೆ. ಘಾಟಿಲಿ ಶುರುವಾಯ್ತು." ಅವಳು ಬಲಗೈಯಿಂದ ಎಡ ಮೊಣಕೈ ಹಿಡಿದುಕೊಂಡಿದ್ದಳು. "ಬ್ಯಾಗು ಎಳೆದಿದ್ದಲ್ಲ ಅಜ್ಜಿ ಅದು."

ಗಗನ ಅವಳ ಎಡಗೈ ಹಿಡಿದು ನೋಡಿದಳು. "ಬೆರಳು ಜುಮ್ಮಂತಾ?"

"ಹೂಂ."

"ಒಂಬತ್ತು ತಿಂಗಳಾಯ್ತು ಹೇಮಾ! ನಾನು ನರ್ಸು ಕಣೇ. ಒಂದು ಫೋನು? ಅಂಥ ನೋವು ಬಂದ ಕೂಡಲೇ ಮೇಲಕ್ಕೆ ಹೋಗೋದು ನಿಲ್ಲಿಸಿ, ಕಲಿಸಿದವರಿಗೆ ಫೋನು ಮಾಡಿ, ಆಮ್ಲಜನಕ ಕೊಡೋ ಆಸ್ಪತ್ರೆಗೆ ಹೋಗ್ಬೇಕಿತ್ತು. ಅದೃಷ್ಟ ಕಣೇ ನಿಂದು, ಬರೀ ಅದೃಷ್ಟ."

ದೊಡ್ಡತಾಯಮ್ಮ ಅವರೆಕಾಯಿಯ ಮೊರ ಪಕ್ಕಕ್ಕೆ ತಳ್ಳಿದಳು. "ಬ್ಯಾಡ. ಇನ್ ಆ ಕಡ್ಲ ಸಾವಾಸವೇ ಬ್ಯಾಡ. ಇರಾದೊಂದು ಕೂಸು ನಂಗೆ."

ಇದೇ ಮಾತಿಗೆ ಹೇಮಶ್ರೀ ಒಂಬತ್ತು ತಿಂಗಳು ಹೆದರಿದ್ದಳು. ಅದು ಬಂದೇಬಿಟ್ಟಿತ್ತು. ಹೂಂ ಅಜ್ಜಿ ಎಂದು ಒಳಗೆ ಹೋಗಿಬಿಡಬಹುದಿತ್ತು. ನಾಳೆಯಿಂದ ಅದೇ ಕೋಣೆ, ಅದೇ ಅಳತೆಗೋಲು, ಮೂರು ಅಡಿ ನಾಲ್ಕು ಅಂಗುಲ ಸಾರ್.

"ಅಜ್ಜಿ," ಎಂದಳು. "ಅಲ್ಲಿ ನಂಗೆ ಒಂಟಿ ಅನ್ಸಲ್ಲ."

ಕರಿಯಯ್ಯ ಎದ್ದು ಬಂದು, ತಾನು ತಂದ ಗಡಿಯಾರವನ್ನು ಜಗಲಿಯಿಂದ ಎತ್ತಿಕೊಂಡ. ಹಿಂದೆ ಮುಂದೆ ನೋಡಿದ. ತನ್ನ ಕೈಗೇ ಕಟ್ಟಿಕೊಂಡ.

"ಇದು ನಂಗಿರ್ಲಿ. ಬಾವಿಗೆ ಇದು ಸಾಕು. ಅವಳ್ಗೆ ಚಾಡಿ ಏಳೋದೇ ಬೇಕು." ತಾಯಿಯ ಕಡೆ ತಿರುಗಿದ. "ನೀರಿಗೆ ನೂಕಿದೋನು ನಾನು ಕಣವ್ವ. ಬ್ಯಾಡ ಅಂತ ನಾನೆಂಗೆ ಅನ್ಲಿ? ಉಸಾರಾಗಿ ಓಗಿ ಬರ್ಲಿ ಬುಡು." ಆಮೇಲೆ ಹೇಮಶ್ರೀಗೆ ಹೇಳಿದ: "ಬ್ಯಾಡದಿದ್ದುದ್ನ ಸಂದಾಗದೆ ಅಂತ ಇನ್ಮೇಲ್ ಏಳ್ಬ್ಯಾಡ. ನಂಗೆ ಬೇಜಾರಾದ್ರೆ ಒಂದಿನ ಬೇಜಾರು. ಅಷ್ಟೇಯ."

ದೊಡ್ಡತಾಯಮ್ಮ ಒಪ್ಪಿದಳು. ಆದರೆ ಮೊದಲು ಡಾಕ್ಟರು ನೋಡಬೇಕು ಎಂದಳು. ಅದನ್ನೇ ಗಗನಳೂ ಹೇಳಿದಳು. ಮುಂದಿನ ವಾರ ಬೆಂಗಳೂರಿಗೆ ಹೋಗಿ, ಸ್ಕೂಬಾದವರ ಕಾಯಿಲೆ ಬಲ್ಲ ವೈದ್ಯರೊಬ್ಬರಿಗೆ ತೋರಿಸಿ, ಇಳಿಯಬಹುದು ಎಂಬ ಕಾಗದ ತಂದ ಮೇಲೆಯೇ ಆಯ್ಕೆಯ ಮಾತು ಮುಂದುವರಿದದ್ದು.

ಆಯ್ಕೆ ನಡೆದದ್ದೂ ಅದೇ ಜಗಲಿಯಲ್ಲಿ. ಹೇಮಶ್ರೀಯ ಕಣ್ಣು ಗಗನ ಮತ್ತೆ ತಂದಿದ್ದ ಸ್ನೇಹಿತೆಯ ಬಣ್ಣಬಣ್ಣದ ಕಂಪ್ಯೂಟರಿನ ಮೇಲಿತ್ತು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂಬುದನ್ನೂ ಅದು ತೋರಿಸುತ್ತಿತ್ತು. ದಿಕ್ಸೂಚಿ, ಹಾಡು, ಫೋನಿನ ಸಂದೇಶ ಎಲ್ಲ ಇದ್ದವು.

"ಕಡಲಡಿಯಲ್ಲಿ ನಿನಗೆ ಸಂದೇಶ ಕಳಿಸೋರು ಯಾರು? ಮೀನಾ?" ಎಂದಳು ಗಗನ. "ಗಾಳಿ ನೋಡೋದಕ್ಕೆ ಕೊಳವೆಯಲ್ಲಿ ಮುಳ್ಳಿನ ಮೀಟರು ಇದ್ದೇ ಇದೆ. ಮೊದಲನೇದಕ್ಕೆ ಇಷ್ಟು ಬೇಡ. ಓದೋಕಾಗಬೇಕು, ಅದು ಮೊದಲು."

ಬಕೆಟ್ಟಿಗೆ ಹೊಳೆಯ ಕೆಂಪು ನೀರು ತುಂಬಿ, ಕತ್ತಲ ಕೊಟ್ಟಿಗೆಯಲ್ಲಿಟ್ಟು, ಎರಡನ್ನೂ ಮುಳುಗಿಸಿದರು. ಓದುವ ಕೆಲಸ ಅಜ್ಜಿಗೆ. ಬಣ್ಣದ್ದರಲ್ಲಿ ಅಂಕಿಗಳೆಲ್ಲ ಒಂದರ ಮೇಲೊಂದು ಕಂಡವು. ಗಗನಳ ಹಳೆಯ ಸರಳ ಕಂಪ್ಯೂಟರಿನಲ್ಲಿ ಅಂಕಿ ದಪ್ಪ.

"ಸೊನ್ನೆ, ಚುಕ್ಕಿ, ಮೂರು," ಎಂದಳು ದೊಡ್ಡತಾಯಮ್ಮ. "ಪೊರೆ ತೆಗೆಸ್ದ ಕಣ್ಣಿಗೇ ಕಾಣ್ತದಲ್ಲೇ."

ಕಡಲಿನ ದಪ್ಪ ಉಡುಪಿನ ಬದಲಿಗೆ ಕರಿಯಯ್ಯನ ಮಳೆಕೋಟು ತೊಟ್ಟು ಪಟ್ಟಿ ಕಟ್ಟಿ ನೋಡಿದರು. ಬಣ್ಣದ್ದರ ಪಟ್ಟಿ ತೋಳಿನ ಮೇಲೆ ಸುತ್ತಲು ಸಾಲಲಿಲ್ಲ. ಒದ್ದೆ ಬೆರಳಿನಲ್ಲಿ ಗುಂಡಿ ಒತ್ತಿದರು. ಬ್ಯಾಟರಿ ನಾವೇ ಬದಲಿಸಬಹುದೇ, ಅಥವಾ ಚಾರ್ಜು ಮಾಡುವುದೇ? ಕೆಟ್ಟರೆ ನಮ್ಮ ದೇಶದಲ್ಲೇ ರಿಪೇರಿ ಆಗುತ್ತದೆಯೇ? ಗಗನ ಇವನ್ನೆಲ್ಲ ಅಂಗಡಿಯವರಿಗೆ ಫೋನು ಮಾಡಿ ಕೇಳಲು ಹೇಮಶ್ರೀಯ ಕೈಗೇ ಮೊಬೈಲು ಕೊಟ್ಟಳು. ಹೇಮಶ್ರೀ ಎರಡು ಸಲ ಗಂಟಲು ಸರಿಮಾಡಿಕೊಂಡು ಕೇಳಿದಳು. ಎತ್ತರದ ಊರಿನ ನೀರಿಗೆ ಇಳಿದರೆ ಲೆಕ್ಕ ತಾನೇ ಬದಲಿಸಿಕೊಳ್ಳುತ್ತದೆಯೇ, ನಾವು ಬದಲಿಸಬೇಕೇ ಎಂದೂ ಕೇಳಿದಳು. ಆ ಪ್ರಶ್ನೆ ಅವಳದೇ. ಯಾರೂ ಹೇಳಿಕೊಟ್ಟದ್ದಲ್ಲ.

ಪ್ರೀತಂ ಎಂಬ ಪಕ್ಕದ ಬೀದಿಯ ಹುಡುಗ ಯಾರೋ ಬಳಸಿದ್ದು ಅಗ್ಗಕ್ಕೆ ಸಿಗುತ್ತದೆ ಅಂದ. ಬ್ಯಾಟರಿ ಯಾವಾಗ ಹಾಕಿದ್ದು, ಎಲ್ಲಿ ಸರ್ವಿಸು ಮಾಡಿಸಿದ್ದು ಎಂದು ಗಗನ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಕೊನೆಗೆ ಬಂದದ್ದು ದಪ್ಪ ಅಂಕಿಯ ಸಾದಾ ಡೈವ್ ಕಂಪ್ಯೂಟರ್. ಜೊತೆಗೆ ಬಂದ ಪುಸ್ತಕವನ್ನು ಹೇಮಶ್ರೀ ನಾಲೆಯ ಕೋಣೆಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು. ಯಾವ ಸದ್ದು ಯಾತಕ್ಕೆ, ಯಾವ ಗುರುತಿಗೆ ಏನರ್ಥ ಎಂಬುದೆಲ್ಲ ನೀರಿಗೆ ಇಳಿಯುವ ಮೊದಲೇ ಅವಳಿಗೆ ಬಾಯಿಪಾಠ.

ನವೆಂಬರ್ ಬಂತು. ಹೊರಡುವ ಹಿಂದಿನ ದಿನ ಗಗನಳ ಆಸ್ಪತ್ರೆಯಲ್ಲಿ ರಜೆ ರದ್ದಾಯಿತು. ಹೇಮಶ್ರೀ ಮತ್ತೆ ಒಬ್ಬಳೇ. ಆದರೆ ಈ ಸಲ ಸೋಮವಾರಕ್ಕೂ ಮಂಗಳವಾರಕ್ಕೂ ಮೊದಲೇ ರಜೆ ಬರೆದುಕೊಟ್ಟಿದ್ದಳು.

ಭಾನುವಾರ ಎರಡು ಸಲ ಇಳಿದಳು. ಹದಿನಾರು ಮೀಟರಿನಲ್ಲಿ ಒಂದು ಆಮೆ ಅವಳನ್ನು ನೋಡಿ, ಕೆಳಗೆ, ಇನ್ನೂ ಕೆಳಗೆ ಹೋಯಿತು. ಅವಳು ಮಣಿಕಟ್ಟು ನೋಡಿಕೊಂಡಳು. ಉಳಿದಿದ್ದ ನಿಮಿಷಗಳನ್ನು ನೋಡಿದಳು. ಆಮೆಗೆ ಕೈಬೀಸಿ ಅಲ್ಲೇ ನಿಂತಳು.

ದಡದಲ್ಲಿ ಎಲ್ಲರೂ ಗಡಿಬಿಡಿಯಲ್ಲಿ ಚೀಲ ಕಟ್ಟುತ್ತಿದ್ದರು. ಬೆಂಗಳೂರು ಸೇರಲು ಸಂಜೆಯೊಳಗೆ ಘಾಟಿ ದಾಟಬೇಕಂತೆ. ಹೇಮಶ್ರೀ ಮಾತು ಜೋಡಿಸಿಕೊಂಡಳು. ಅವರು ಹೋಗಿಬಿಡುವ ಮೊದಲು ಆಡಿಯೂಬಿಟ್ಟಳು.

"ಈಗಲೇ ಘಾಟಿ ಹತ್ಬೇಡಿ. ನಾಳೆ ಹೋಗಿ."

"ಪರವಾಗಿಲ್ಲ ಬಿಡಿ, ನಾವು ಯಾವಾಗ್ಲೂ ಹೋಗ್ತೀವಿ," ಎಂದ ಒಬ್ಬ. ಗಾಡಿ ಹೊರಟಿತು. ಧೂಳು ಇಳಿಯುವವರೆಗೂ ಅವಳು ನಿಂತಿದ್ದಳು.

ಮುಂದೆ ಮಾಡಲು ಏನೂ ಇರಲಿಲ್ಲ. ಮರಳಿನ ಮೇಲೆ ಕುಳಿತಳು. ಮಣಿಕಟ್ಟಿನಲ್ಲಿ ಸಣ್ಣ ವಿಮಾನ, ಅದರ ಪಕ್ಕ ಇಪ್ಪತ್ತೆರಡು ಎಂಬ ಅಂಕಿ. ಅವಳ ಕಂಪ್ಯೂಟರ್ ಕೊನೆಯ ಸಲ ಎದ್ದ ಮೇಲೆ ಪೂರಾ ಇಪ್ಪತ್ನಾಲ್ಕು ಗಂಟೆ ಎಣಿಸುವಂಥದು. ಒಬ್ಬಳೇ ಇಪ್ಪತ್ತೆರಡು ಗಂಟೆ. ಕುಟುಂಬಗಳು ಬಂದವು, ಒಂಟೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡು ಹೋದವು. ಯಾರೂ ಅವಳನ್ನು ಪಕ್ಕಕ್ಕೆ ಬನ್ನಿ ಎಂದೂ ಕೇಳಲಿಲ್ಲ.

ಫೋನು ಬಡಿದುಕೊಂಡಿತು.

"ಏಮಾ, ಎದ್ಯಾ ನೀರಿಂದ?"

"ಎದ್ದೆ ಚಿಕ್ಕಪ್ಪ."

"ಇಮಾನ ಬಂತಾ?"

"ಬಂತು."

"ಎಷ್ಟದೆ?"

"ಇಪ್ಪತ್ತೆರಡು."

"ಇರು, ನನ್ ಗಡಿಯಾರದಲ್ಲಿ ನೋಡ್ಕತೀನಿ." ಅತ್ತ ಕಡೆ ಅವನು ಬೆರಳು ಮಡಿಸುವುದು ಅವಳಿಗೆ ಕಂಡಂತಾಯಿತು. "ಆಯ್ತು. ಮಡುಗ್ತೀನಿ."

ಒಂದು ಗಂಟೆ ಬಿಟ್ಟು ಮತ್ತೆ ಫೋನು. "ಈಗ?"

"ಇಪ್ಪತ್ತೊಂದು."

"ನನ್ ಲೆಕ್ಕವೂ ಅಷ್ಟೇಯ."

ಕತ್ತಲಾಗುವವರೆಗೆ ಹೀಗೇ ನಡೆಯಿತು. ಊಟವಾಯ್ತಾ ಎಂದು ಕೇಳಲಿಲ್ಲ, ಬೇಜಾರಾ ಎಂದೂ ಕೇಳಲಿಲ್ಲ. ಫೋನಿನಲ್ಲಿ ಅವನೂ ಅಂಥ ಮಾತುಗಾರನಲ್ಲ. "ಮಾತಾಡ್ಬೇಕು ಅಂತೇನಿಲ್ಲ ಮಗ," ಎಂದ ಒಂದು ಸಲ. "ಎಷ್ಟದೆ ಅಂತ ಏಳು, ಸಾಕು. ನಾನೂ ಇಲ್ಲಿ ಬಾವಿಕಟ್ಟೆ ಮೇಲೆ ಕುಂತಿವ್ನಿ."

ಮಾರನೆಯ ದಿನ ಮಧ್ಯಾಹ್ನ ಪರದೆಯಿಂದ ವಿಮಾನ ಮಾಯವಾಯಿತು. ಅವಳು ಫೋನು ತೆಗೆಯುವ ಮೊದಲೇ ಅದು ಬಡಿದುಕೊಂಡಿತು.

"ಸೊನ್ನೆ ಆಯ್ತಾ?"

"ಆಯ್ತು ಚಿಕ್ಕಪ್ಪ."

"ಬಾ ಮಗ."

ಘಾಟಿಯ ತಿರುವುಗಳಲ್ಲಿ ಹೇಮಶ್ರೀ ಎಡ ಮೊಣಕೈಯನ್ನು ಮಡಿಸಿದಳು, ಚಾಚಿದಳು. ಏನೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಅಕ್ಕಂದಿರೇ, ತಮ್ಮಂದಿರೇ, ಕಡಲು ನಮಗೂ ಸೇರಿದ್ದು. ಹೋಗಿ, ಕಲಿತು ಇಳಿಯಿರಿ. ಆದರೆ ನಿಮ್ಮ ಮಣಿಕಟ್ಟಿನಲ್ಲಿ ನಿಮ್ಮದೇ ಡೈವ್ ಕಂಪ್ಯೂಟರ್ ಇರಲಿ, ಕೊಂಡದ್ದಾದರೂ ಸರಿ, ಆ ಇಡೀ ಪ್ರವಾಸಕ್ಕೆ ಬಾಡಿಗೆಗೆ ಪಡೆದದ್ದಾದರೂ ಸರಿ. ನೀರು ಹೊಗದ ಸಾಮಾನ್ಯ ಗಡಿಯಾರವನ್ನು ನಂಬಬೇಡಿ, ಮುಂದಿರುವವರ ಕೈಯನ್ನೂ ನಂಬಬೇಡಿ. ಬಣ್ಣಕ್ಕೆ ಮರುಳಾಗದೆ ಕಣ್ಣಿಗೆ ಕಾಣುವ ಅಂಕಿಯನ್ನು ಆರಿಸಿ, ಅದರ ಪುಸ್ತಕ ಓದಿ, ಅದು ನಿಲ್ಲು ಎಂದಾಗ ನಿಲ್ಲಿ. ನಮ್ಮ ಬಯಲು ಘಾಟಿಯ ಮೇಲಿದೆ ಎಂಬುದನ್ನು ಮರೆಯಬೇಡಿ, ಹಿಂದಿರುಗಲು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನೋವು ಬಂದರೆ ಸಂಕೋಚ ಬಿಟ್ಟು ಆಗಲೇ ಹೇಳಿ.

ಮನೆಯಲ್ಲಿ ಉಳಿದವರಿಗೂ ಒಂದು ಮಾತು. ನಿಮ್ಮ ಮಗಳೋ ಮಗನೋ ಎಲ್ಲೋ ಒಂದು ದಡದಲ್ಲಿ ಒಬ್ಬರೇ ಕೂತು ಗಂಟೆ ಎಣಿಸುತ್ತಿದ್ದರೆ, ಫೋನು ಮಾಡಿ ಕೇಳಿ, "ಇನ್ನೆಷ್ಟದೆ?"